ಟೇರ್

ಚೀಟಿಯಲ್ಲಿ ಮೂರೇ ಸಾಲು:
ಗ್ರಾಸ್, ಟೇರ್, ನೆಟ್.
ಹೊತ್ತುಕೊಂಡು ಬಂದದ್ದು, ತಾನೇ ಆಗಿರುವುದು,
ಕಳೆದ ಮೇಲೆ ಉಳಿವ ಅದಿರು.
ಒಂಬತ್ತು ವರ್ಷ ನಾನು ಬರೆದ ಸಾಹಿತ್ಯ ಇಷ್ಟೇ.

ಈಗ ಎದೆಗೆ ನಾಲ್ಕು ಪಿನ್ನು, ನಂಬರು ಮುನ್ನೂರ ಹದಿನೇಳು.
ಸಂಡೂರಿನ ಮೈದಾನದಲ್ಲಿ ಐದೂವರೆಯ ಕತ್ತಲು.
ಹುಲುಗಪ್ಪ ಮೇಷ್ಟ್ರು ಮೊಣಕಾಲಿಗೆ ನೋವಿನೆಣ್ಣೆ ತಿಕ್ಕುತ್ತಾ
‘ಏರಿನಾಗ ತುದಿ ನೋಡಬ್ಯಾಡ್ರಿ, ಹತ್ತು ಮಾರು ನೋಡ್ರಿ ಸಾಕು’ ಅಂದರು.
ತೋರಣಗಲ್ಲಿನಿಂದ ಬಂದ ಹುಡುಗರು, ಎಲ್ಲರದೂ ಒಂದೇ ಬಣ್ಣದ ಬನಿಯನ್ನು,
ಓಡುವ ಮೊದಲೇ ಗೆದ್ದ ಫೋಟೋ ತೆಗೆಸಿಕೊಂಡರು.
ನಾನು ಎರಡು ಸಲ ಮೂತ್ರಕ್ಕೆ ಹೋಗಿ ಬಂದೆ.

ಮೊದಲ ಐದು ಕಿಲೋಮೀಟರು ಯಾರು ಬೇಕಾದರೂ ಓಡುತ್ತಾರೆ.

ಆರಕ್ಕೆ ರಸ್ತೆ ತಲೆಯೆತ್ತಿತು.
ಹೆಜ್ಜೆ ಗೇಣಾಯಿತು, ಗೇಣು ಬೆರಳಾಯಿತು.
ತಿರುವು ಮುಗಿದರೆ ತುದಿ ಎಂದುಕೊಂಡೆ,
ತಿರುವಿನಾಚೆ ಇನ್ನೊಂದು ತಿರುವು ಕೂತಿತ್ತು
ಸಾಲ ಕೇಳಲು ಬಂದ ನೆಂಟನ ಹಾಗೆ.
ಮಳೆ ಬಿಟ್ಟು ವಾರವಾಗಿತ್ತು. ಗುಡ್ಡ ಹಸಿರಿತ್ತು, ನಿಜ,
ಆದರೆ ಗೀರಿದಲ್ಲೆಲ್ಲ ಕೆಂಪು.
ಸೀತಾಫಲದ ಬುಟ್ಟಿ ತಲೆಯ ಮೇಲಿಟ್ಟು ಇಳಿಯುತ್ತಿದ್ದ
ತಾಂಡಾದ ಮುದುಕಿ ನಿಂತು ನನ್ನ ನೋಡಿ
‘ಯಾರು ಬೆನ್ನು ಹತ್ಯಾರಪಾ?’ ಅಂದಳು.
ಉಸಿರಿದ್ದಿದ್ದರೆ ಹೇಳುತ್ತಿದ್ದೆ.

ಹನ್ನೊಂದನೇ ಕಲ್ಲಿನ ಹತ್ತಿರ ನನ್ನ ಹಳೆಯ ತೂಕದ ಮನೆ.
ಬಾಗಿಲಿಗೆ ಬೀಗ, ಕಿಟಕಿಗೆ ಗಾಜಿಲ್ಲ,
ಕಬ್ಬಿಣದ ಹಾಸಿನ ಸಂದಿಯಲ್ಲಿ ತಂಗಡಿ ಗಿಡ ಹೂ ಬಿಟ್ಟಿದೆ.
ಹಾದುಹೋಗುತ್ತಾ ಸುಮ್ಮನೆ ಅದರ ಮೇಲೆ ನಾಲ್ಕು ಹೆಜ್ಜೆ ಇಟ್ಟೆ.
ಢಣ್ ಎಂದಿತು.
ನಾನೂರು ಕಿಲೋದ ಕೆಳಗೆ ಅದಕ್ಕೆ ಲೆಕ್ಕವೇ ಇರಲಿಲ್ಲ;
ಕ್ಲೀನರ್ ಹುಡುಗರು ಆಟಕ್ಕೆ ಹತ್ತಿ ಕುಣಿದರೂ
ಮುಳ್ಳು ಹುಬ್ಬು ಕೂಡ ಹಾರಿಸುತ್ತಿರಲಿಲ್ಲ.

ಹದಿನಾಲ್ಕಕ್ಕೆ ಮೀನಖಂಡ ಗಂಟುಕಟ್ಟಿತು.
ಹಿಂದೆ ಜೀಪಿನ ಸದ್ದು. ಕಡೆಯವರನ್ನು ಆರಿಸಿಕೊಳ್ಳುವ ಜೀಪು,
ನನ್ನ ನಡಿಗೆಯ ವೇಗಕ್ಕೆ ಇಳಿದು ತೆವಳುತ್ತಿತ್ತು.
ಕಿಟಕಿಯಿಂದ ಮುಖ: ಎರ್ರಿಸ್ವಾಮಿ.
ಕೂದಲು ಹೋಗಿದೆ, ನಗು ಹಾಗೇ ಇದೆ.
‘ಹತ್ತ್ರಿ ಸಾರ್. ದೊಡ್ಡ ಹುಣಸಿಮರದ ತಾವ ಇಳಿಸ್ತೀನಿ,
ಅಲ್ಲಿಂದ ಇಳಿಜಾರೇ. ಯಾರು ನೋಡ್ತಾರ?’
ಸ್ವಲ್ಪ ಬಿಟ್ಟು, ಮೆಲ್ಲಗೆ:
‘ಇಪ್ಪತ್ನಾಕನ್ನ ಹದಿನಾರು ಬರದೀರಲ್ಲ ನನಗ,
ಆ ಋಣ ಐತ್ರಿ ನಂದು.’

ಅವನ ಲಾರಿಯೊಂದೇ ಅಲ್ಲ.
ಎಷ್ಟು ರಾತ್ರಿ, ಎಷ್ಟು ಚೀಟಿ.
ಕಳೆಯುವ ಲೆಕ್ಕ ನನಗೆ ಚೆನ್ನಾಗಿ ಬರುತ್ತಿತ್ತು.
ಜೀಪಿನ ಸೀಟಿನ ಮೇಲೆ ಟವೆಲು ಹಾಸಿದ್ದ, ಮೆತ್ತಗೆ ಕಾಣಿಸಿತು.
ಬಾಗಿಲಿಗೆ ಕೈ ಇಟ್ಟೆ ಕೂಡ. ಸುಳ್ಳು ಯಾಕೆ.
ಬಾಗಿಲು ಹಿಡಿದೇ ಕಾಲು ನೀವಿಕೊಂಡೆ,
ಉಪ್ಪು ನೆಕ್ಕಿದೆ,
‘ನೀರು ಐತೇನು?’ ಅಂದೆ.
ಕೊಟ್ಟ. ಅರ್ಧ ಕುಡಿದು ಅರ್ಧ ತಲೆಗೆ ಸುರಿದುಕೊಂಡೆ.
‘ನಡಿ’ ಅಂದೆ. ಅವನಿಗೋ ನನಗೋ.

ಹುಣಸೆಮರದವರೆಗೆ ಅವನು ಎರಡನೇ ಗೇರಿನಲ್ಲಿ,
ನಾನು ಯಾವ ಗೇರೂ ಇಲ್ಲದೆ.
ಇಳಿಜಾರು ಸುಲಭವೆಂದು ಯಾರು ಹೇಳಿದರೋ!
ತೊಡೆಗಳು ಹರಿದ ಗೋಣಿಚೀಲದಂತೆ ಒದರಿದವು,
ಹೆಬ್ಬೆರಳ ಉಗುರು ಬೂಟಿನ ಮೂತಿಗೆ ಹಣೆ ಚಚ್ಚಿಕೊಂಡಿತು.
ಎರ್ರಿಸ್ವಾಮಿ ಹಾರ್ನಿನಲ್ಲಿ ತಾಳ ಹಾಕುತ್ತಿದ್ದ.
ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಒಂದು ಕಿಲೋಮೀಟರು ಹೋಯಿತು.

ಮುಟ್ಟುವ ಹೊತ್ತಿಗೆ ಕಮಾನಿನ ಗಾಳಿ ಬಿಡುತ್ತಿದ್ದರು,
ಅದು ಮುಂದಕ್ಕೆ ಬಾಗಿ ನನಗೇ ನಮಸ್ಕಾರ ಮಾಡಿದಂತಿತ್ತು.
ಮೂರು ಗಂಟೆ ಇಪ್ಪತ್ತೆರಡು ನಿಮಿಷ.
ಪದಕದ ಡಬ್ಬಿ ಖಾಲಿ; ಬಾಳೆಹಣ್ಣು ಒಂದಿತ್ತು, ಕರಗಿದ್ದು.
ಹುಲುಗಪ್ಪ ಮೇಷ್ಟ್ರು ತಮ್ಮ ಕೊರಳಿನದನ್ನು ತೆಗೆದು
‘ಫೋಟೋಕ್ಕ ಹಾಕ್ಕೊಳ್ರಿ’ ಅಂದರು.
ಬೇಡವೆಂದೆ. ಮಂಡಕ್ಕಿ ಒಗ್ಗರಣೆ ತಿಂದೆ, ಎರಡು ಪ್ಲೇಟು.

ಮನೆಯಲ್ಲಿ ಕಾಲುಚೀಲ ನೆನೆಹಾಕಿದ ಬಕೆಟ್ಟು:
ಮೂರು ನೀರು ಚೆಲ್ಲಿದೆ, ನಾಲ್ಕನೆಯದೂ ಕೆಂಪು.
ಹೊಸ್ತಿಲು ದಾಟಲು ಗೋಡೆ ಹಿಡಿದುಕೊಂಡು
ಅಡ್ಡಡ್ಡ, ಏಡಿಯಂತೆ, ಐದನೇ ನೀರಿಗೆ ಹೊರಟೆ.